ಇಪ್ಪತ್ತಮೂರರಲ್ಲಿ ಅಪ್ಪನ ಪೆನ್ನು

ನನ್ನ ತಮ್ಮ ರುದ್ರೇಶ ಶಿವೈಕ್ಯನಾಗುವುದಕ್ಕೆ ನಾಲ್ಕು ದಿನ ಮೊದಲು ಆಸ್ಪತ್ರೆಯ ಮಂಚದ ಮೇಲೆ ಎದ್ದು ಕುಳಿತು, ನಗುತ್ತ, "ಅಪ್ಪನ ಪೆನ್ನು ಸಿಕ್ತು ಕಣಣ್ಣ" ಎಂದ.

ನಾನು ಅವನ ಹಣೆಗೆ ವಿಭೂತಿ ಹಚ್ಚುತ್ತಿದ್ದೆ. ಕೈ ಅಲ್ಲೇ ನಿಂತಿತು.

"ಯಾವ ಪೆನ್ನೋ?"

"ನೀನು ಕಳೀದೇ ಇದ್ದ ಪೆನ್ನು."

ಆ ಸಂಗತಿಯನ್ನು ಮೊದಲು ಹೇಳಬೇಕು. ನಾನು ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತ ವರ್ಷ, ಕಡೆಯ ದಿನ, ಅಪ್ಪನನ್ನು ಕೇಳದೆ ಅವರ ಪೆನ್ನನ್ನು ಜೇಬಿಗೆ ಹಾಕಿಕೊಂಡು ಹೋದೆ. ಅಪ್ಪ ರಾಜಾಜಿನಗರದ ಒಂದು ಪ್ರಾಥಮಿಕ ಶಾಲೆಯಲ್ಲಿ ಮೇಷ್ಟರು. ಆ ದಪ್ಪ ಕಪ್ಪು ಪೆನ್ನು ಬಿಟ್ಟು ಬೇರೊಂದರಲ್ಲಿ ಅವರು ಬರೆದದ್ದನ್ನು ನಾನು ಕಂಡಿರಲಿಲ್ಲ. ಪರೀಕ್ಷೆ ಮುಗಿಸಿ ಏಳುವಾಗ ಪೆನ್ನು ಕೈಜಾರಿ ಕಲ್ಲುಚಪ್ಪಡಿಯ ನೆಲಕ್ಕೆ ಮೂತಿ ಮುಂದಾಗಿ ಬಿತ್ತು. ನಿಬ್ಬು ಕೊಕ್ಕೆಯಾಯಿತು. ಹೆದರಿ, ಮೊದಲನೆಯ ಬ್ಲಾಕಿನಲ್ಲಿದ್ದ ಪೆನ್ನು ರಿಪೇರಿಯವರ ಕೈಗೆ ಕೊಟ್ಟು, ಮನೆಯಲ್ಲಿ ಪೆನ್ನು ಕಳೆದುಹೋಯಿತು ಎಂದುಬಿಟ್ಟೆ. ಅಪ್ಪ ಬೈಯಲಿಲ್ಲ. "ಹೋಗ್ಲಿ ಬಿಡು, ಪರೀಕ್ಷೆ ಚೆನ್ನಾಗಿ ಬರ್ದಿಯೇನಪ್ಪ?" ಎಂದರು. ಕಳೆದುಹೋಯಿತು ಎಂದು ಹೇಳಿದ ಮೇಲೆ ಅದನ್ನು ಮನೆಗೆ ತರುವುದು ಹೇಗೆ? ನಾಳೆ ತರೋಣ, ನಾಡಿದ್ದು ತರೋಣ ಎನ್ನುತ್ತ ಐದು ವರ್ಷ ಕಳೆಯಿತು. ಅಪ್ಪ ಲಿಂಗೈಕ್ಯರಾದರು. ಆಮೇಲೆ ನಾನು ಆ ಅಂಗಡಿಯಿದ್ದ ಬೀದಿಯಲ್ಲಿ ನಡೆಯುವುದನ್ನೇ ಬಿಟ್ಟೆ.

ಹತ್ತು ವರ್ಷದ ಕೆಳಗೆ ಒಂದು ಶಿವರಾತ್ರಿಯ ದಿನ ಇದನ್ನು ರುದ್ರೇಶನೊಬ್ಬನಿಗೆ ಹೇಳಿದ್ದೆ. ಅವನಿಗೆ ಹಳೆಯ ಪೆನ್ನು ಕೂಡಿಡುವ ಹುಚ್ಚು ಹಿಡಿದದ್ದು ಅದೇ ವರ್ಷ. ಎರಡಕ್ಕೂ ಸಂಬಂಧವಿದ್ದೀತೆಂದು ನನಗೆ ಹೊಳೆದಿರಲಿಲ್ಲ.

"ರಿಪೇರಿಯವರ ಮಗ ಹೆಗ್ಗನಹಳ್ಳೀಲಿ ಇದಾರೆ" ಎಂದ ರುದ್ರೇಶ. "ಯಾರೂ ವಾಪಸ್ ತಗೊಂಡು ಹೋಗದ ಪೆನ್ನೆಲ್ಲ ಅವರಪ್ಪ ಒಂದು ಬಿಸ್ಕತ್ತಿನ ಡಬ್ಬೀಲಿ ಹಾಗೇ ಇಟ್ಟಿದ್ರಂತೆ. ಇಪ್ಪತ್ಮೂರು. ಎಲ್ಲಾ ಕಪ್ಪು. ಅದರಲ್ಲಿ ಅಪ್ಪಂದು ಇದೆ."

"ಯಾವುದೋ ಅದು?"

"ಹೇಳಲ್ಲ. ನೀನೇ ಹುಡುಕು. ನಿಂಗೆ ಪೆನ್ನಿಗೂ ಬಳಪಕ್ಕೂ ವ್ಯತ್ಯಾಸ ಗೊತ್ತಿಲ್ಲ. ನೋಡೇ ಬಿಡ್ತೀನಿ."

ಆಮೇಲೆ ಒಂದು ಮಾತು ತೆಗೆದುಕೊಂಡ. ಒಂದೇ ಪೆನ್ನನ್ನು ಇಟ್ಟುಕೊಳ್ಳಬೇಕು. ಉಳಿದವು ಅವನ ಪೆನ್ನಿನ ಗೆಳೆಯರಿಗೆ, ಅಂದರೆ ಅವುಗಳಲ್ಲಿ ಬರೆಯುವವರಿಗೆ ಹೋಗಬೇಕು. "ಅನುಮಾನ ಅಂತ ಡಬ್ಬೀನೇ ಇಟ್ಕೊಳ್ಳೋ ಹಾಗಿಲ್ಲ, ಲಿಂಗ ಮುಟ್ಟಿ ಹೇಳು" ಎಂದ. ನಾನು ಕೊರಳಿನ ಲಿಂಗವನ್ನು ಮುಟ್ಟಿ ಹೇಳಿದೆ. ಗೆದ್ದವನ ಹಾಗೆ ನಕ್ಕ. ನಾಲ್ಕನೆಯ ದಿನ ಹೊರಟುಹೋದ. ನನಗಿಂತ ಆರು ವರ್ಷಕ್ಕೆ ಚಿಕ್ಕವನು. ಅವನ ಬಾಯಿಗೆ ನಾನು ತೀರ್ಥ ಬಿಡಬೇಕಾಯಿತು. ಶಿವನ ಇಚ್ಛೆ.

ಮೂರು ತಿಂಗಳಾದ ಮೇಲೆ ಒಂದು ಶುಕ್ರವಾರ ಸಾಯಂಕಾಲ ಅವನ ಮಗಳು ವಚನಾ ಆ ಡಬ್ಬಿಯನ್ನು ಬಸವೇಶ್ವರನಗರದ ನಮ್ಮ ಮನೆಗೆ ತಂದಳು. ಅವಳು ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ. ಭಾನುವಾರ ಬೆಳಿಗ್ಗೆ ವಿಜಯನಗರದಲ್ಲಿ ಪೆನ್ನಿನ ಗೆಳೆಯರೆಲ್ಲ ಸೇರುವುದಾಗಿಯೂ, ಆ ಹೊತ್ತಿಗೆ ಇಪ್ಪತ್ತೆರಡು ಪೆನ್ನುಗಳನ್ನು ಅವರಿಗೆ ಒಪ್ಪಿಸುವುದಾಗಿಯೂ ಮಾತಾಗಿತ್ತು. ಶನಿವಾರ ಮಧ್ಯಾಹ್ನ ಜ್ಯೋತಿಲಕ್ಷ್ಮಿ ಎಂಬುವರು ಬಂದು ಹುಡುಕಲು ನೆರವಾಗುತ್ತಾರೆ ಎಂದಳು. ಅವರು ರುದ್ರೇಶನಿಗೆ ಪೆನ್ನಿನ ವಿದ್ಯೆ ಕಲಿಸಿದವರು.

"ಅಲ್ಲೀವರ್ಗೂ ಡಬ್ಬಿ ಮುಟ್ಬೇಡಿ ದೊಡ್ಡಪ್ಪ" ಎಂದು ಹೇಳಿ ಹೊರಟಳು.

ಆದರೆ ಶನಿವಾರ ಬೆಳಿಗ್ಗೆ ಸ್ನಾನ ಮುಗಿಸಿ ಪೂಜೆಗೆ ಕುಳಿತವನಿಗೆ ಮನಸ್ಸು ನಿಲ್ಲಲಿಲ್ಲ. ಅಪ್ಪನ ಪೆನ್ನು ಐವತ್ತಾರು ವರ್ಷದ ಮೇಲೆ ಮನೆಗೆ ಬಂದಿದೆ. ಯಾವುದೆಂದು ತಿಳಿಯದಿದ್ದರೂ ಎಲ್ಲವನ್ನೂ ದೇವರ ಮುಂದಿಟ್ಟರೆ ಅದನ್ನೂ ಇಟ್ಟ ಹಾಗಾಯಿತಲ್ಲ! ಡಬ್ಬಿ ತೆರೆದೆ. ಒಳಗೆಲ್ಲ ಒಣಗಿದ ಶಾಯಿ, ಧೂಳು, ಜಿರಲೆಯ ಮೊಟ್ಟೆ. ಒಂದೊಂದು ಪೆನ್ನಿಗೂ ಕೊಳಕು ದಾರ ಸುತ್ತಿತ್ತು, ದಾರದಲ್ಲಿ ಕಂದುಬಣ್ಣದ ಸುರುಳಿ. ಇಂಥದನ್ನು ಲಿಂಗದ ಮುಂದೆ ಇಡುವುದುಂಟೆ? ನನ್ನ ಹೆಂಡತಿ ಶಾಂತವ್ವನಿಂದ ಒಂದು ಬೋಗುಣಿ ಬಿಸಿನೀರು, ಎರಡು ಹಿಡಿ ಸೀಗೆಪುಡಿ ಈಸಿಕೊಂಡೆ. ದಾರಗಳನ್ನೆಲ್ಲ ಕಿತ್ತು ನೀರಿಗೆ ಹಾಕಿದೆ. ಪೂಜೆಯ ಪಾತ್ರೆ ತೊಳೆಯುವ ಹಾಗೆ ಇಪ್ಪತ್ತಮೂರನ್ನೂ ಬಿಚ್ಚಿ, ನೆನೆಹಾಕಿ, ತಿಕ್ಕಿ ತೊಳೆದು, ಮಹಡಿಯ ಮೇಲೆ ಬಿಳಿಯ ಪಂಚೆ ಹಾಸಿ ಬಿಸಿಲಿಗೆ ಹರಡಿದೆ. ಎದೆ ಹಗುರಾಯಿತು. ಒಣಗಿದ ಮೇಲೆ ದೀಪದ ಪಕ್ಕ ಸಾಲಾಗಿ ಜೋಡಿಸೋಣ ಎಂದುಕೊಂಡೆ.

ಜ್ಯೋತಿಲಕ್ಷ್ಮಿ ಹನ್ನೆರಡು ಗಂಟೆಗೆ ಬಂದರು. ಕೆಂಗೇರಿ ಉಪನಗರದಿಂದ ಮೆಟ್ರೋ ಹಿಡಿದು, ವಿಜಯನಗರದಿಂದ ಆಟೋದಲ್ಲಿ ಬಂದಿದ್ದರು. ಅರವತ್ತರ ಆಸುಪಾಸು, ಗಟ್ಟಿ ದನಿ, ಕೊರಳಲ್ಲಿ ಕರಿಮಣಿ, ಅದರ ಜೊತೆಗೆ ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಸಣ್ಣ ಭೂತಗನ್ನಡಿ. ಅದೇ ಹೊತ್ತಿಗೆ ಬಂದ ವಚನಾಳ ಜೊತೆ ಮಹಡಿ ಹತ್ತಿದವರು ಪಂಚೆಯ ಮುಂದೆ ನಿಂತು ತಲೆಯ ಮೇಲೆ ಕೈ ಇಟ್ಟುಕೊಂಡರು.

"ಸಾರ್! ಏನ್ ಸಾರ್ ಇದು? ಹಪ್ಪಳ ಒಣಗ್ಸಿದೀರಾ?"

"ಮಡಿ ಮಾಡಿದೆ ತಾಯಿ. ಸೀಗೆಪುಡಿ ಹಾಕಿ."

"ಸೀಗೇಕಾಯಿ! ಪೆನ್ನಿಗೆ ಎಣ್ಣೆ ಸ್ನಾನ!" ಎಂದು ವಚನಾಳ ಕಡೆ ತಿರುಗಿದರು. "ನಿಮ್ ದೊಡ್ಡಪ್ಪ ಧೂಪ ಹಾಕೋದೊಂದು ಬಾಕಿ ಕಣಮ್ಮ." ಆಮೇಲೆ ದನಿ ತಗ್ಗಿಸಿ ನನ್ನನ್ನು ಕೇಳಿದರು: "ಚೀಟಿಗಳು ಎಲ್ಲಿ ಸಾರ್?"

"ಯಾವ ಚೀಟಿ?"

"ದಾರದಲ್ಲಿ ಸುತ್ತಿ ಕಟ್ಟಿದ್ದು. ರಿಪೇರಿಯೋರು ಒಂದೊಂದ್ರಲ್ಲೂ ಕೊಟ್ಟೋರ ಹೆಸರು ಬರ್ದಿದ್ರು. ರುದ್ರೇಶ್ ಸಾರ್ ನಂಗೆ ಫೋನಲ್ಲಿ ಹೇಳಿ ಎಷ್ಟು ನಕ್ರು ಗೊತ್ತಾ? ನಮ್ಮಣ್ಣ ಕನ್ನಡಕ ಹಾಕ್ಕೊಂಡ್ರೆ ಸಾಕು, ಒಂದೇ ನಿಮಿಷದ ಕೆಲಸ, ಆದ್ರೆ ಹಾಕ್ಕೊಳಲ್ಲ ಅಂದ್ರು."

ಬಚ್ಚಲಿಗೆ ಓಡಿದೆ. ಬೋಗುಣಿಯಲ್ಲಿ ನೀಲಿಗಂಜಿಯ ಹಾಗೆ ಕಾಗದ ಕರಗಿ ನಿಂತಿತ್ತು. ಕೈ ಹಾಕಿದರೆ ಬೆರಳಿನ ಸಂದಿಯಲ್ಲಿ ಜಾರಿತು. ಹದಿನಾರರ ಹುಡುಗನಾಗಿ ನಾನು ಹೇಳಿದ ನನ್ನ ಹೆಸರು, ರಿಪೇರಿಯವರು ಬರೆದಿಟ್ಟ ನನ್ನ ಹೆಸರು, ಆ ಗಂಜಿಯಲ್ಲಿ ಎಲ್ಲೋ ಇತ್ತು. ತಮ್ಮ ಹುಡುಕಿ ತಂದದ್ದನ್ನು ಅಣ್ಣ ಒಂದೇ ಬೆಳಿಗ್ಗೆ ತೊಳೆದುಬಿಟ್ಟಿದ್ದ.

"ಸಾರ್, ಬೇಗ ಬನ್ನಿ ಇಲ್ಲಿ!" ಎಂದು ಮೇಲಿನಿಂದ ಜ್ಯೋತಿಲಕ್ಷ್ಮಿ ಕೂಗಿದರು. ದನಿಯಲ್ಲಿ ಬೈಗುಳ ಇರಲಿಲ್ಲ. ಮೆಟ್ಟಿಲು ಹತ್ತಿ ಹೋದೆ.

ಅವರು ಪಂಚೆಯ ಮುಂದೆ ಮಂಡಿಯೂರಿ ಕುಳಿತಿದ್ದರು. "ಇದನ್ನೆಲ್ಲ ಹಾಕುವಾಗ ಏನ್ ಬಣ್ಣ ಇತ್ತು?"

"ಎಲ್ಲವೂ ಕಪ್ಪು."

"ಈಗ ನೋಡಿ."

ನೋಡಿದೆ. ಎಲ್ಲವೂ ಕಪ್ಪಾಗಿರಲಿಲ್ಲ. ಕೆಲವು ಮೊದಲಿನ ಹಾಗೆ ಮಿರಮಿರ ಎನ್ನುತ್ತಿದ್ದವು. ಕೆಲವು ಮಾತ್ರ ಹಾಲು ಕಡಿಮೆಯಾದ ಕಾಫಿಯ ಬಣ್ಣಕ್ಕೆ ತಿರುಗಿದ್ದವು. ಒಂದು ಪೆನ್ನಂತೂ ಮೆಣಸಿನಕಾಯಿಯ ಹಾಗೆ ಬಾಗಿತ್ತು.

"ನಾವು ಯಾರೂ ಈ ಪಾಪ ಮಾಡಲ್ಲ ಸಾರ್. ಬಿಸಿನೀರಲ್ಲಿ ನೆನೆಸಿ ಬಿಸಿಲಿಗಿಟ್ರೆ ಎಬೊನೈಟ್ ಕಂದಾಗೋಗುತ್ತೆ. ರಬ್ಬರಿಗೆ ಗಂಧಕ ಹಾಕಿ ಗಟ್ಟಿ ಮಾಡಿದ್ದು ಅದು. ಪ್ಲಾಸ್ಟಿಕ್‌ಗೆ ಏನೂ ಆಗಲ್ಲ. ನೀವು ತಪ್ಪು ಮಾಡಿ ಎಲ್ಲಾನೂ ಬೇರೆ ಬೇರೆ ಮಾಡಿ ಇಟ್ಟಿದೀರ!"

"ಈ ಬಾಗಿರೋದು?" ಎಂದಳು ವಚನಾ.

"ಅದು ಮೂರನೇ ಜಾತಿ. ಸಾರ್, ಹೆಬ್ಬೆರಳಲ್ಲಿ ಜೋರಾಗಿ ಉಜ್ಜಿ ಮೂಸಿ ನೋಡಿ."

ಉಜ್ಜಿದೆ. ಬೆಚ್ಚಗಾಯಿತು. ಮೂಗಿಗೆ ಹಿಡಿದೆ. ಸೀಗೆಯ ವಾಸನೆಯ ಕೆಳಗೆ, ಬಹಳ ಕೆಳಗೆ, ಅರವತ್ತು ವರ್ಷದಿಂದ ದಿನವೂ ಎರಡು ಹೊತ್ತು ನಾನು ಬಲ್ಲ ವಾಸನೆ!

"ಕರ್ಪೂರ!" ಎಂದು ಕೂಗಿದೆ. ಪಕ್ಕದ ಮಹಡಿಯಲ್ಲಿ ಬಟ್ಟೆ ಹರವುತ್ತಿದ್ದವರು ತಿರುಗಿ ನೋಡಿದರು.

"ಭೇಷ್! ಸೆಲ್ಯುಲಾಯ್ಡ್ ಅದು. ಮಾಡುವಾಗ್ಲೇ ಕರ್ಪೂರ ಹಾಕ್ತಾರೆ. ನಂಗೆ ಇದು ತಿಳಿಯೋಕೆ ಎರಡು ವರ್ಷ ಆಯ್ತು, ನಿಮ್ಮ ಮೂಗು ಒಂದೇ ಸಲಕ್ಕೆ ಹಿಡೀತು. ಅಂದಂಗೆ, ತೊಳೆದು ಎಲ್ಲಿ ಇಡ್ಬೇಕು ಅಂತಿದ್ರಿ?"

"ದೀಪದ ಪಕ್ಕ."

"ಭಗ್ ಅಂತಿತ್ತು ಸಾರ್! ದೇವರ ಮನೇನೇ ಆರತಿ ಆಗೋಗಿರೋದು!"

ಶಾಂತವ್ವ ಮಜ್ಜಿಗೆ ತಂದವಳು, "ಹಂಗಾರ್ ನನ್ ಸೀಗೇಪುಡಿ ನಿಮ್ ಮನೆ ಉಳಿಸ್ತು ಅನ್ರಿ" ಎಂದಳು.

ನಾನು ಹುಮ್ಮಸ್ಸಿನಲ್ಲಿ ಕಪ್ಪಾಗಿ ಉಳಿದ ಎಲ್ಲವನ್ನೂ ಉಜ್ಜಿ ಮೂಸಿದೆ. ಇನ್ನೂ ನಾಲ್ಕರಲ್ಲಿ ಕರ್ಪೂರ ಸಿಕ್ಕಿತು. ಐದು ಕರ್ಪೂರದವು, ಒಂಬತ್ತು ಏನೂ ವಾಸನೆಯಿಲ್ಲದವು, ಕಂದಾದವು ಒಂಬತ್ತು. ಹಸಿವು, ಮಂಡಿನೋವು ಎಲ್ಲ ಮರೆತುಹೋಗಿತ್ತು.

"ಈಗ ಜ್ಞಾಪಿಸ್ಕೊಳ್ಳಿ" ಎಂದರು ಜ್ಯೋತಿಲಕ್ಷ್ಮಿ. "ನಿಮ್ಮ ಅಪ್ಪೋರ ಪೆನ್ನಿಗೆ ಏನಾದ್ರೂ ವಾಸನೆ ಇತ್ತಾ?"

ಕಣ್ಣು ಮುಚ್ಚಿದೆ. ಪರೀಕ್ಷೆಯ ಹಾಲು. ಮೊದಲ ಪ್ರಶ್ನೆಗೆ ಉತ್ತರ ತೋಚದೆ ಪೆನ್ನಿನ ತುದಿಯನ್ನು ಮೂಗಿನ ಕೆಳಗೆ ಒತ್ತಿಕೊಂಡು ಕುಳಿತಿದ್ದೆ. ಬೆವರಿದ ಕೈಯ ಬಿಸಿಗೆ ಅದು ಆಗ ತಾನೇ ಗೀರಿದ ಬೆಂಕಿಕಡ್ಡಿಯ ಹಾಗೆ ನಾತ ಬಡಿಯುತ್ತಿತ್ತು.

"ಬೆಂಕಿಕಡ್ಡಿಯ ವಾಸನೆ."

"ಗಂಧಕ!" ಎಂದು ಅವರು ತೊಡೆ ತಟ್ಟಿದರು. "ಎಬೊನೈಟೇ! ಈ ಒಂಬತ್ತರಲ್ಲಿ ಇದೆ ಸಾರ್. ಉಳಿದ ಹದಿನಾಲ್ಕು ನಾಳೆಗೆ ಕಟ್ಟಿಡು ವಚನಾ."

ನಡುಮನೆಗೆ ಇಳಿದು ಬಂದೆವು. ಅಪ್ಪನ ಪೆನ್ನು ನನ್ನ ಹೆಬ್ಬೆರಳಿಗಿಂತ ದಪ್ಪವಾಗಿತ್ತು, ಅಂಗಿಯ ಜೇಬಿಗೆ ಕ್ಲಿಪ್ಪು ಕೂರುತ್ತಿರಲಿಲ್ಲ. ಅದರಿಂದ ಸಣ್ಣಗಿದ್ದ ಐದನ್ನು ಬದಿಗಿಟ್ಟೆವು. ಉಳಿದ ನಾಲ್ಕರ ನಿಬ್ಬುಗಳನ್ನು ಜ್ಯೋತಿಲಕ್ಷ್ಮಿ ಭೂತಗನ್ನಡಿಯಲ್ಲಿ ನೋಡುತ್ತ ಹೋದರು. ಕೊಕ್ಕೆಯಾದ ನಿಬ್ಬನ್ನು ಎಷ್ಟೇ ಚೆನ್ನಾಗಿ ನೆಟ್ಟಗೆ ಮಾಡಿದರೂ ಮಡಿಸಿದ ಸೀರೆಯಲ್ಲಿ ಗೆರೆ ಉಳಿಯುವ ಹಾಗೆ ಒಂದು ಗೆರೆ ಉಳಿದೇ ಇರುತ್ತದಂತೆ. ಮೊದಲನೆಯದರಲ್ಲಿ ಇಲ್ಲ. ಎರಡನೆಯದರಲ್ಲಿ ಇತ್ತು! ನಾನು ಎದ್ದು ನಿಂತೆ. ಮೂರನೆಯದರಲ್ಲಿ ಇಲ್ಲ. ನಾಲ್ಕನೆಯದರಲ್ಲಿ ಮತ್ತೆ ಇತ್ತು. ನಾನು ಕುಳಿತೆ.

"ಆ ಕಾಲದಲ್ಲಿ ಪೆನ್ನು ಬೀಳಿಸ್ದೋರು ನೀವೊಬ್ರೇ ಅಲ್ಲ ಬಿಡಿ" ಎಂದರು.

ಎರಡು ಪೆನ್ನು ಉಳಿದವು. ಎರಡೂ ಒಂದೇ ಉದ್ದ, ಒಂದೇ ಕಂದು. ನಾನು ದೇವರ ಕೋಣೆಗೆ ಹೋಗಿ ಅಪ್ಪನ ಪುಸ್ತಕ ತಂದೆ. ನಿತ್ಯಪೂಜೆಯ ಕ್ರಮವನ್ನು ಅಪ್ಪ ತಮ್ಮ ಕೈಯಿಂದಲೇ ಬರೆದಿಟ್ಟ ಪುಸ್ತಕ ಅದು. ಬೆಳಿಗ್ಗೆ ಅದರ ಪುಟ ತೆರೆಯದೆ ನಾನು ಪೂಜೆಗೆ ಕುಳಿತದ್ದಿಲ್ಲ. ಆದರೂ ಆ ಅಕ್ಷರಗಳನ್ನು ಜ್ಯೋತಿಲಕ್ಷ್ಮಿ ತೋರಿಸುವವರೆಗೆ ನಾನು ನೋಡಿರಲೇ ಇಲ್ಲ ಎನ್ನಬೇಕು.

"ಇಲ್ನೋಡಿ. ತಲೆಕಟ್ಟು ಎಲ್ಲಾ ದಪ್ಪ. ಕೆಳಗಿನ ಸುತ್ತು ಎಳೆಯಂಗೆ ಸಣ್ಣ. ಮಾಮೂಲಿ ನಿಬ್ಬಲ್ಲಿ ಹಿಂಗೆ ಬರಲ್ಲ ಸಾರ್. ಬರ್ದೂ ಬರ್ದೂ ಓರೆಯಾಗಿ ಸವೆದಿರೋ ನಿಬ್ಬು ಇದು. ಇದೇ ನಿಮ್ಮ ಚೀಟಿ ಅಂದ್ಕೊಳ್ಳಿ. ಇದನ್ನ ಸೀಗೇಕಾಯೀಲಿ ತೊಳೆಯೋಕಾಗಲ್ಲ."

ಚೀಲದಿಂದ ಶಾಯಿಯ ಬಾಟಲಿ ತೆಗೆದರು. ತೊಟ್ಟಿಕ್ಕುವ ಗಾಜಿನ ಕೊಳವೆಯಲ್ಲಿ ಎರಡು ಪೆನ್ನಿಗೂ ಶಾಯಿ ತುಂಬಿ, ತಿರುಪಿನ ಸುತ್ತಿಗೆ ಚೂರು ಗ್ರೀಸು ಸವರಿ ತಿರುಗಿಸಿ ನನ್ನ ಕೈಗೆ ಕೊಟ್ಟರು. ಲಿಂಗಕ್ಕೆ ಕೈಮುಗಿದು ಮೊದಲನೆಯ ಪೆನ್ನಿನಿಂದ 'ಶಿವಾಯ ನಮಃ' ಎಂದು ಬರೆದೆ. ನಯವಾಗಿ ಬರೆಯಿತು. ಗೆರೆಯೆಲ್ಲ ಒಂದೇ ದಪ್ಪ. ಎರಡನೆಯದರಿಂದ ಬರೆದೆ. ಕರಕರ ಎಂದಿತು, ಅಲ್ಲಲ್ಲಿ ಶಾಯಿ ಬಿಟ್ಟುಹೋಯಿತು. ತಲೆಕಟ್ಟು ಕೂದಲಿನಂತಿತ್ತು. ಮತ್ತೆ ಬರೆದೆ. ಒತ್ತಿ ಬರೆದೆ. ಹಾಳೆ ಹರಿಯಿತು.

ಗಂಟೆ ನಾಲ್ಕಾಗಿತ್ತು.

"ಎರಡರಲ್ಲಿ ಒಂದು ತಗೊಳ್ಳಿ ಸಾರ್" ಎಂದರು ಜ್ಯೋತಿಲಕ್ಷ್ಮಿ ಮೆಲ್ಲಗೆ. "ದೇವರ ಮುಂದೆ ಹೂ ಹಾಕಿ ಕೇಳಿ."

"ಬೇಡ ತಾಯಿ. ಒಂದು ಸಲ ಅಪ್ಪನ ಪೆನ್ನಿನ ವಿಷಯದಲ್ಲಿ ಸುಳ್ಳು ಹೇಳಿ ಆಗಿದೆ. ಇದೇ ಅಪ್ಪನದು ಅಂತ ಇನ್ನೊಂದು ಸುಳ್ಳನ್ನ ದೇವರ ಕೋಣೇಲಿ ಇಟ್ಕೊಳಾರೆ. ಎರಡನ್ನೂ ಕಟ್ಟಿಬಿಡು ವಚನಾ, ನಾಳೆ ಕೊಟ್ಟುಬಿಡೋಣ."

ವಚನಾ ಎರಡನ್ನೂ ಎತ್ತಿಕೊಂಡಳು. ಕಟ್ಟುವ ಮೊದಲು, ಮಕ್ಕಳು ಮಾಡುವ ಹಾಗೆ, ಹಾಳೆಯ ಮೂಲೆಯಲ್ಲಿ ಗೀಚಿ ನೋಡಿದಳು. ನಯವಾದದ್ದರಲ್ಲಿ ತನ್ನ ಹೆಸರು ಬರೆದಳು. ಆಮೇಲೆ ಕರಕರ ಎಂದಿದ್ದರಲ್ಲಿ ಬರೆದಳು.

ಕರಕರ ಎನ್ನಲಿಲ್ಲ.

ನಾನು ಅವಳ ಕೈ ನೋಡಿದೆ. ಪೆನ್ನನ್ನು ಅವಳು ತೋರುಬೆರಳಿಗೂ ನಡುಬೆರಳಿಗೂ ಮಧ್ಯೆ, ಬೀಡಿ ಹಿಡಿದ ಹಾಗೆ ಸಿಕ್ಕಿಸಿಕೊಂಡಿದ್ದಳು. ಅದು ರುದ್ರೇಶನ ಕೈ! ಅವನು ಹಾಗೇ ಹಿಡಿಯುತ್ತಿದ್ದ. ನಮ್ಮ ಅಪ್ಪನೂ ಹಾಗೇ ಹಿಡಿಯುತ್ತಿದ್ದರು. ನಾನೂ ಮೊದಲು ಹಾಗೇ ಹಿಡಿಯುತ್ತಿದ್ದವನು, ಮಾಧ್ಯಮಿಕ ಶಾಲೆಯ ಮೇಷ್ಟರೊಬ್ಬರು ಗೆಣ್ಣಿಗೆ ಹೊಡೆದೂ ಹೊಡೆದೂ ಬಿಡಿಸಿದ್ದರು. ರುದ್ರೇಶನ ಹಟಕ್ಕೆ ಅವರೇ ಸೋತಿದ್ದರು.

"ಬರಿ! ನಿಲ್ಲಿಸಬೇಡ, ಬರಿ!" ಎಂದೆ.

"ಏನಾಯ್ತು ದೊಡ್ಡಪ್ಪ?"

"ಬರಿಯೇ ತಾಯಿ! ನಾನು ಬರ್ದಿದ್ದನ್ನೇ ಬರಿ!"

ಬರೆದಳು. ಶಿ, ವಾ, ಯ. ತಲೆಕಟ್ಟು ಒಂದೊಂದೂ ಕಾಡಿಗೆ ತೀಡಿದ ಹುಬ್ಬಿನಂತೆ ದಪ್ಪಗೆ, ಹೊಳೆಯುತ್ತ ಬಿತ್ತು. ಕೆಳಗಿನ ಸುತ್ತು ಎಳೆಯಾಗಿ ಇಳಿಯಿತು. ಜ್ಯೋತಿಲಕ್ಷ್ಮಿ ಹಾಳೆಯನ್ನು ಕಸಿದು ಅಪ್ಪನ ಪುಸ್ತಕದ ಪಕ್ಕ ಹಿಡಿದರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡರು. ತೆಗೆದರು. ಮತ್ತೆ ಸಿಕ್ಕಿಸಿಕೊಂಡರು.

"ಅದೇ ಸಾರ್. ಅದೇ! ಅಯ್ಯೋ ದೇವ್ರೇ, ಅದೇ! ಈ ಹಿಡಿತಕ್ಕೇ ನಿಬ್ಬು ಓರೆಯಾಗಿ ಸವೆದಿರೋದು!"

ನಾನು ಎಪ್ಪತ್ತೆರಡು ವರ್ಷದವನು ನಡುಮನೆಯಲ್ಲಿ ಚಪ್ಪಾಳೆ ತಟ್ಟುತ್ತ ಸುತ್ತು ಹಾಕಿದೆ. ಶಾಂತವ್ವ ಅಡಿಗೆಮನೆಯಿಂದ ಸೌಟು ಹಿಡಿದೇ ಓಡಿಬಂದಳು. "ಏನ್ರೀ ಬಿತ್ತು?" ಎಂದಳು. "ಬೀಳಲಿಲ್ಲ ಕಣೇ, ಸಿಕ್ತು!" ಎಂದೆ. ಆ ಪೆನ್ನನ್ನು ಕೈಗೆ ತೆಗೆದುಕೊಂಡೆ. ನನ್ನ ಸೀಗೆಯ ನೀರು ಅದರ ಕಪ್ಪನ್ನೆಲ್ಲ ತಿಂದಿತ್ತು. ಉಜ್ಜಿ ಮತ್ತೆ ಕಪ್ಪು ತರಿಸುವವರು ಇದ್ದಾರೆ ಎಂದರು ಜ್ಯೋತಿಲಕ್ಷ್ಮಿ. ಹೀಗೇ ಇರಲಿ ಎಂದೆ. ಬಚ್ಚಿಟ್ಟವನೂ ನಾನೇ, ಬಣ್ಣ ಕೆಡಿಸಿದವನೂ ನಾನೇ. ಕಂಡವರು ಕೇಳಿದರೆ ಹೇಳುತ್ತೇನೆ.

"ದೇವರ ಮುಂದೆ ಇಡ್ತೀರಾ ದೊಡ್ಡಪ್ಪ?"

"ಇವತ್ತೊಂದು ದಿನ. ಸೋಮವಾರ ನೀನು ಹುಬ್ಬಳ್ಳಿಗೆ ತಗೊಂಡು ಹೋಗು. ನನ್ನ ಕೈಗೆ ಅದು ಬರೆಯಲ್ಲ, ನೀನೇ ನೋಡಿದೆಯಲ್ಲ."

ಅವಳ ಕಣ್ಣು ತುಂಬಿತು. "ಅಪ್ಪ ಇದ್ದಿದ್ರೆ ಈಗ ಎಷ್ಟು ಕುಣೀತಿದ್ರು" ಎಂದಳು.

ಆಮೇಲೆ ನಾನು ಹೊಸ ಹಾಳೆಯನ್ನು ಅವಳ ಮುಂದೆ ಇಟ್ಟೆ. "ಹೋಗೋದ್ರೊಳಗೆ ನಂಗೊಂದು ಕಾಗದ ಬರ್ಕೊಡು. ನಾನು ಹೇಳ್ತೀನಿ."

"ಯಾರಿಗೆ?"

"ಬರಿ. ತೀರ್ಥರೂಪ ತಂದೆಯವರಿಗೆ, ನಿಮ್ಮ ಮಗ ರೇವಣಸಿದ್ದಯ್ಯ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ."

"ಅಜ್ಜಂಗೆ ಉಭಯ ಕುಶಲೋಪರಿನಾ?"

"ಕಾಗದಕ್ಕೆ ಒಂದು ಕ್ರಮ ಅಂತ ಇದೆ. ಬರಿ. ತಮ್ಮ ಪೆನ್ನು ಕಳೆದುಹೋಗಿರಲಿಲ್ಲ. ಅದನ್ನು ಬೀಳಿಸಿದವನು ನಾನು. ರಿಪೇರಿಗೆ ಕೊಟ್ಟು ಸುಳ್ಳು ಹೇಳಿದವನೂ ನಾನು."

ವಚನಾ ತಲೆಯೆತ್ತಿ ನೋಡಿದಳು. ಜ್ಯೋತಿಲಕ್ಷ್ಮಿ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದವರು ಹಾಗೇ ನಿಂತರು.

"ಮದ್ವೆಯಾಗಿ ನಲವತ್ತಾರು ವರ್ಷ ಆಯ್ತು" ಎಂದಳು ಶಾಂತವ್ವ, ಸೌಟಿನಿಂದ ನನ್ನ ಕಡೆ ತೋರಿಸುತ್ತ. "ಇದನ್ನ ನಂಗೆ ಒಂದು ದಿನಾನೂ ಹೇಳ್ಲಿಲ್ವಲ್ರೀ ನೀವು!"

"ನೀನೂ ಕೂತ್ಕೊಂಡು ಕೇಳು" ಎಂದೆ.

ಅವಳು ಸೌಟನ್ನು ಕೆಳಗಿಟ್ಟು ನನ್ನ ಪಕ್ಕದಲ್ಲಿ ಕುಳಿತಳು. ವಚನಾ ನಾನು ಹೇಳಿದ್ದನ್ನೆಲ್ಲ ಬರೆದು ಮುಗಿಸಿ, ಪೆನ್ನನ್ನು ಎತ್ತಿ ಹಿಡಿದು, "ಮುಂದೆ ಹೇಳಿ ದೊಡ್ಡಪ್ಪ" ಎಂದಳು. ಅಪ್ಪನ ಅಕ್ಷರದಲ್ಲಿ ನನ್ನ ತಪ್ಪು ಹಸಿಯಾಗಿ ಹೊಳೆಯುತ್ತಿತ್ತು. ನಾನು ಗಂಟಲು ಸರಿಮಾಡಿಕೊಂಡು ಮುಂದಿನದನ್ನು ಹೇಳತೊಡಗಿದೆ.